ಎರಡು ಟ್ರ್ಯಾಕ್‌ಗಳ ನಡುವಿನ ಒಂದು ನಿಮಿಷ

ಹೌಸ್ ಸಂಗೀತ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 128 ಬಡಿತಗಳ ವೇಗದಲ್ಲಿ ಓಡುತ್ತದೆ. 128 ಎಂದು ಹಿಡಿದು ಲೆಕ್ಕ ಹಾಕಿದರೆ ಒಂದು ಸೊಗಸು ಕಾಣಿಸುತ್ತದೆ. ನಾಲ್ಕು ಬಡಿತಕ್ಕೆ ಒಂದು ಬಾರ್. 32 ಬಾರ್‌ಗಳಿಗೆ 128 ಬಡಿತ. ಅಲ್ಲಿಗೆ ಸರಿಯಾಗಿ ಒಂದು ನಿಮಿಷ. ಡಿಜೆ ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ದಾಟಲು ಬಳಸುವ ಹೊತ್ತು ಎಷ್ಟೋ ಸಲ ಇಷ್ಟೇ. ಆ ಒಂದು ನಿಮಿಷ ಎರಡು ಟ್ರ್ಯಾಕ್‌ಗಳು ಒಟ್ಟಿಗೆ ನುಡಿಯುತ್ತಿರುತ್ತವೆ. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ, ಕುಣಿಯುವವರ ಹೆಜ್ಜೆ ಮಾತ್ರ ಎಲ್ಲೂ ತಪ್ಪುವುದಿಲ್ಲ.

ಕಂಪ್ಯೂಟರ್‌ನಲ್ಲಿ ಮಿಕ್ಸಿಂಗ್ ಕಲಿಯುವುದೆಂದರೆ ಈ ಒಂದು ನಿಮಿಷವನ್ನು ಕಲಿಯುವುದು. ಇಂದಿನ ಸಾಫ್ಟ್‌ವೇರ್ ಅದರ ಅತಿ ಕಷ್ಟದ ಕೆಲಸವನ್ನು, ಅಂದರೆ ಎರಡು ಟ್ರ್ಯಾಕ್‌ಗಳ ವೇಗ ಕೂಡಿಸುವುದನ್ನು, ಸಿಂಕ್ ಎಂಬ ಒಂದು ಗುಂಡಿಗೆ ಇಳಿಸಿಬಿಟ್ಟಿದೆ. ಇನ್ನು ಕಲಿಯಲು ಏನಿದೆ ಎಂದುಕೊಂಡವರಿಗೆ ಉತ್ತರ ಸ್ಪೀಕರ್‌ನಿಂದಲೇ ಸಿಗುತ್ತದೆ. ವೇಗ ಕೂಡಿದ ಮೇಲೂ ಎರಡು ಬೇಸ್‌ಗಳು ಒಂದನ್ನೊಂದು ಕೆಡಿಸುತ್ತವೆ, ಎರಡು ಶ್ರುತಿಗಳು ಕಚ್ಚಾಡುತ್ತವೆ, ಒಂದು ಹಾಡಿನ ಪಲ್ಲವಿಯ ಮೇಲೆ ಇನ್ನೊಂದರ ಪಲ್ಲವಿ ಬಂದು ಬೀಳುತ್ತದೆ. ಯಂತ್ರ ಲೆಕ್ಕ ಸರಿ ಮಾಡಿಕೊಡುತ್ತದೆ. ಕೇಳುವ ಕೆಲಸ ಮೊದಲೂ ಕಿವಿಯದೇ ಆಗಿತ್ತು, ಈಗಲೂ ಕಿವಿಯದೇ.

ಈ ನಿಮಿಷ ಹುಟ್ಟಿದ್ದು ಕಂಪ್ಯೂಟರ್‌ಗಿಂತ ಬಹಳ ಮೊದಲು. 1970ರ ಹೊತ್ತಿಗೆ ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಹಳೆಯ ಚರ್ಚ್ ಕಟ್ಟಡವೊಂದರೊಳಗೆ ಸ್ಯಾಂಕ್ಚುಯರಿ ಎಂಬ ಕ್ಲಬ್ ನಡೆಯುತ್ತಿತ್ತು. ಅಲ್ಲಿ ರೆಕಾರ್ಡ್ ಹಾಕುತ್ತಿದ್ದವರು ಫ್ರಾನ್ಸಿಸ್ ಗ್ರಾಸೊ. ತಿರುಗುವ ತಟ್ಟೆಗೂ ರೆಕಾರ್ಡಿಗೂ ನಡುವೆ ಫೆಲ್ಟ್ ಬಟ್ಟೆಯ ತುಂಡೊಂದನ್ನು ಹಾಸಿ, ಕೆಳಗೆ ತಟ್ಟೆ ತಿರುಗುತ್ತಿದ್ದರೂ ಮೇಲಿನ ರೆಕಾರ್ಡನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, ಬೇಕಾದ ಬಡಿತಕ್ಕೆ ಸರಿಯಾಗಿ ಬಿಟ್ಟುಬಿಡುತ್ತಿದ್ದರು. ಲೆಡ್ ಝೆಪೆಲಿನ್ ತಂಡದ ‘ಹೋಲ್ ಲಾಟಾ ಲವ್’ ಹಾಡನ್ನು ಶಿಕಾಗೊ ತಂಡದ ‘ಐಮ್ ಎ ಮ್ಯಾನ್’ ಹಾಡಿನ ತಾಳವಾದ್ಯಗಳ ಮೇಲೆ ಕೂರಿಸಿ ಎರಡನ್ನೂ ಒಟ್ಟಿಗೆ ಓಡಿಸಿದ್ದು ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಸಾಹಸ. ಆಗಿನ ಹಾಡುಗಳಲ್ಲಿ ಡ್ರಮ್ ಬಾರಿಸುತ್ತಿದ್ದವರು ಮನುಷ್ಯರು. ಪಲ್ಲವಿಗೆ ಬರುವಾಗ ಕೊಂಚ ಚುರುಕು, ಚರಣದಲ್ಲಿ ಕೊಂಚ ನಿಧಾನ. ಆ ಅಲುಗಾಟವನ್ನೆಲ್ಲ ಕೈಯಲ್ಲೇ ಸರಿದೂಗಿಸುತ್ತ ಎರಡು ರೆಕಾರ್ಡ್‌ಗಳನ್ನು ಜೊತೆಗೆ ನಡೆಸುವುದು ಎಂಥ ಏಕಾಗ್ರತೆ ಬೇಡುವ ಕೆಲಸವೆಂದು ಇಂದು ಊಹಿಸುವುದೂ ಕಷ್ಟ.

ಕೆಲಸ ಹಗುರವಾದದ್ದು ಒಂದೊಂದೇ ಹೆಜ್ಜೆಯಾಗಿ. ಜಪಾನಿನ ಟೆಕ್ನಿಕ್ಸ್ ಕಂಪನಿ 1972ರಲ್ಲಿ ಎಸ್‌ಎಲ್-1200 ಎಂಬ ಟರ್ನ್‌ಟೇಬಲ್ ತಂದಿತು. ಅದರಲ್ಲಿ ಬೆಲ್ಟ್ ಇರಲಿಲ್ಲ, ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುತ್ತಿತ್ತು. 1979ರ ಎಂಕೆ2 ಮಾದರಿಯಲ್ಲಿ ವೇಗವನ್ನು ಶೇ 8ರವರೆಗೆ ಏರಿಸುವ, ಇಳಿಸುವ ಉದ್ದನೆಯ ಜಾರುಪಟ್ಟಿ ಬಂತು. ಇಂದು ಲ್ಯಾಪ್‌ಟಾಪ್ ಪರದೆಯ ಬದಿಯಲ್ಲಿ ಕಾಣುವ ಪಿಚ್ ಫೇಡರ್ ಅದರದೇ ಚಿತ್ರ. ಇತ್ತ 1976ರಲ್ಲಿ ಸ್ಯಾಲ್ಸೋಲ್ ಕಂಪನಿ ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಹಾಡನ್ನು ಡಿಜೆ ವಾಲ್ಟರ್ ಗಿಬನ್ಸ್ ಕೈಯಲ್ಲಿ ಹಿಗ್ಗಿಸಿ, 12 ಇಂಚಿನ ಸಿಂಗಲ್ ರೆಕಾರ್ಡ್ ಆಗಿ ಅಂಗಡಿಗೆ ಬಿಟ್ಟಿತು. ರೇಡಿಯೊಗೆ ಮೂರು ನಿಮಿಷ ಸಾಕು. ನೃತ್ಯದ ನೆಲಕ್ಕೆ ಬೇಕಾದದ್ದು ಉದ್ದನೆಯ ಹಾಡು, ಮೊದಲಲ್ಲೂ ಕೊನೆಯಲ್ಲೂ ಬರೀ ತಾಳ ನುಡಿಯುವ ಜಾಗ. ಆ ಖಾಲಿ ಜಾಗ ಇದ್ದುದರಿಂದಲೇ ಒಂದು ನಿಮಿಷದ ದಾಟುವಿಕೆ ಸಾಧ್ಯವಾಯಿತು.

ಶಿಕಾಗೊ ನಗರದಲ್ಲಿ 1977ರಿಂದ ವೇರ್‌ಹೌಸ್ ಕ್ಲಬ್‌ನಲ್ಲಿ ಫ್ರ್ಯಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತದಿಂದಲೇ ‘ಹೌಸ್’ ಎಂಬ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದಿನ ದಶಕದಲ್ಲಿ ರೋಲ್ಯಾಂಡ್ ಕಂಪನಿಯ ಟಿಆರ್-808, ಟಿಆರ್-909 ಡ್ರಮ್ ಯಂತ್ರಗಳು ಶಿಕಾಗೊ, ಡೆಟ್ರಾಯಿಟ್‌ನ ಹುಡುಗರ ಕೈಗೆ ಬಂದವು. ಯಂತ್ರ ಬಾರಿಸಿದ ತಾಳ ಮೊದಲ ಬಡಿತದಿಂದ ಕೊನೆಯ ಬಡಿತದವರೆಗೆ ಕದಲುವುದಿಲ್ಲ. ಒಮ್ಮೆ ವೇಗ ಕೂಡಿಸಿದರೆ ಎರಡು ರೆಕಾರ್ಡ್‌ಗಳು ನಿಮಿಷಗಟ್ಟಲೆ ಜೊತೆಯಾಗಿ ಸಾಗುತ್ತವೆ.

ಇಲ್ಲಿ ನಮ್ಮ ದೇಶದ ಒಬ್ಬರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹಿಂದಿ ಚಿತ್ರಗೀತೆಗಳ ವಾದ್ಯಮೇಳಗಳಲ್ಲಿ ದುಡಿಯುತ್ತಿದ್ದ ಮುಂಬೈನ ಚರಣಜಿತ್ ಸಿಂಗ್ 1982ರಲ್ಲಿ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಆಲ್ಬಮ್ ಮುದ್ರಿಸಿದರು. ಟಿಆರ್-808ರ ತಾಳ, ಟಿಬಿ-303ರ ಬೇಸ್, ಜುಪಿಟರ್-8 ಸಿಂಥಸೈಸರ್‌ನಲ್ಲಿ ರಾಗಗಳು: ಸಲಕರಣೆ ಇಷ್ಟೇ. ಶಿಕಾಗೊದ ಫ್ಯೂಚರ್ ತಂಡ ಅದೇ ಟಿಬಿ-303ರಿಂದ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದು ಆ್ಯಸಿಡ್ ಹೌಸ್‌ಗೆ ದಾರಿ ತೆರೆದದ್ದು 1987ರಲ್ಲಿ. ಚರಣಜಿತ್ ಅವರ ಆಲ್ಬಮ್ ಆಗ ಹೆಚ್ಚು ಸದ್ದು ಮಾಡಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಯುರೋಪಿನ ಡಿಜೆಗಳು ಬೆರಗಾದರು. ಇಳಿವಯಸ್ಸಿನಲ್ಲಿ ಅವರು ಆ ಹಳೆಯ ಯಂತ್ರಗಳೊಂದಿಗೆ ವಿದೇಶದ ವೇದಿಕೆ ಏರಿದರು. 2015ರಲ್ಲಿ ತೀರಿಕೊಂಡರು. ಭಾರತದಲ್ಲಿ ಈ ಸಂಗೀತ ಕಲಿಯಲು ಕೂರುವವರು ಮೊದಲು ಕೇಳಬೇಕಾದ ಆಲ್ಬಮ್ ಇದು.

ಗೋವಾದ ಕತೆ ಬೇರೆಯೇ. ಕಾರವಾರದಿಂದ ಉತ್ತರಕ್ಕೆ, ಅಂಜುನಾದ ಕಡಲತೀರದಲ್ಲಿ ಎಂಬತ್ತು, ತೊಂಬತ್ತರ ದಶಕಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಪಾರ್ಟಿಗಳಿಗೆ ವಿನೈಲ್ ರೆಕಾರ್ಡ್ ಒಯ್ಯುವಂತಿರಲಿಲ್ಲ. ಬಿಸಿಲಿಗೆ, ಸೆಕೆಗೆ ಅವು ಸೊಟ್ಟಗಾಗುತ್ತಿದ್ದವು. ಅಲ್ಲಿನ ಡಿಜೆಗಳು ಕ್ಯಾಸೆಟ್, ಆಮೇಲೆ ಡ್ಯಾಟ್ ಎಂಬ ಡಿಜಿಟಲ್ ಟೇಪ್ ಹಿಡಿದರು. ಡ್ಯಾಟ್ ಯಂತ್ರಗಳಲ್ಲಿ ವೇಗ ಬದಲಿಸುವ ಅನುಕೂಲವಿಲ್ಲದ ಕಾರಣ ಬಡಿತಕ್ಕೆ ಬಡಿತ ಕೂಡಿಸುವುದು ಆಗದ ಮಾತು. ಹಾಗಾಗಿ ತಾಳವೇ ಇಲ್ಲದ, ಸ್ವರಗಳಷ್ಟೇ ತೇಲುವ ಭಾಗಗಳಲ್ಲಿ ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಸರಿಯುತ್ತಿದ್ದರು. ಗೋವಾ ಟ್ರಾನ್ಸ್ ಟ್ರ್ಯಾಕ್‌ಗಳ ಆದಿ ಅಂತ್ಯಗಳಲ್ಲಿ ತಾಳವಿಲ್ಲದ ದೀರ್ಘ ಭಾಗಗಳು ಇರುವುದಕ್ಕೆ ಇದೂ ಒಂದು ಕಾರಣ. ವೇಗ ಕೂಡಿಸದೆಯೂ ಚೆಂದವಾಗಿ ದಾಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಂಪ್ಯೂಟರ್ ಈ ಲೋಕಕ್ಕೆ ಬಂದದ್ದು 2000ದ ಆಸುಪಾಸಿನಲ್ಲಿ, ಬಹುತೇಕ ಏಕಕಾಲಕ್ಕೆ ಹಲವು ಬಾಗಿಲುಗಳಿಂದ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಫೈನಲ್ ಸ್ಕ್ರ್ಯಾಚ್ ಎಂಬ ವ್ಯವಸ್ಥೆ ರೂಪುಗೊಂಡಿತು. ರಿಚಿ ಹಾಟಿನ್, ಜಾನ್ ಆಕ್ವಾವಿವಾ ಅವರಂಥ ಹೆಸರಾಂತ ಡಿಜೆಗಳು ಅದನ್ನು ವೇದಿಕೆಗೆ ತಂದರು. ಅದರ ವಿನೈಲ್ ರೆಕಾರ್ಡಿನಲ್ಲಿ ಹಾಡಿರಲಿಲ್ಲ, ಟೈಮ್‌ಕೋಡ್ ಎಂಬ ಸಂಕೇತವಷ್ಟೇ ಇತ್ತು. ಮುಳ್ಳು ಈಗ ಎಲ್ಲಿದೆ, ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದನ್ನು ಆ ಸಂಕೇತದಿಂದ ಓದಿಕೊಂಡ ಕಂಪ್ಯೂಟರ್, ತನ್ನಲ್ಲಿರುವ ಹಾಡನ್ನು ಅದಕ್ಕೆ ತಕ್ಕಂತೆ ನುಡಿಸುತ್ತಿತ್ತು. ಕೈಯ ಅಭ್ಯಾಸ ಹಳೆಯದೇ ಉಳಿಯಿತು, ರೆಕಾರ್ಡ್ ಪೆಟ್ಟಿಗೆಗಳ ಹೊರೆ ಇಳಿಯಿತು. ನ್ಯೂಜಿಲೆಂಡಿನ ಸೆರಾಟೊ 2004ರಲ್ಲಿ ಅದೇ ಹಾದಿಯಲ್ಲಿ ಇನ್ನಷ್ಟು ಗಟ್ಟಿ ವ್ಯವಸ್ಥೆ ತಂದಿತು. ಬರ್ಲಿನ್‌ನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟ್ರ್ಯಾಕ್ಟರ್ ಪರದೆಯ ಮೇಲೆಯೇ ಎರಡು ಡೆಕ್‌ಗಳನ್ನು ಬಿಡಿಸಿಟ್ಟಿತು.

ಅದೇ ಬರ್ಲಿನ್‌ನಲ್ಲಿ 2001ರಲ್ಲಿ ಹೊರಬಂದ ಏಬಲ್‌ಟನ್ ಲೈವ್ ಇನ್ನೂ ಮುಂದೆ ಹೋಯಿತು. ಅದರ ಹಿಂದಿದ್ದ ಗೆರ್‌ಹಾರ್ಡ್ ಬೇಲೆಸ್, ರಾಬರ್ಟ್ ಹೆಂಕೆ ಇಬ್ಬರೂ ಮೊನೊಲೇಕ್ ಹೆಸರಿನಲ್ಲಿ ಟೆಕ್ನೊ ಸಂಗೀತ ಮಾಡುತ್ತಿದ್ದವರು. ತಮ್ಮ ಕಾರ್ಯಕ್ರಮಗಳಿಗೆ ಬೇಕಾದ ಸಲಕರಣೆ ಎಂಥದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಲೈವ್‌ನಲ್ಲಿ ಟ್ರ್ಯಾಕ್ ಒಂದನ್ನು ರಬ್ಬರಿನಂತೆ ಎಳೆದು ಯಾವ ವೇಗಕ್ಕೆ ಬೇಕಾದರೂ ಹೊಂದಿಸಬಹುದು, ಶ್ರುತಿ ಬದಲಾಗುವುದಿಲ್ಲ. ಬ್ರಿಟನ್‌ನ ಡಿಜೆ ಸಾಶಾ 2004ರ ತಮ್ಮ ‘ಇನ್ವಾಲ್ವರ್’ ಆಲ್ಬಮ್‌ಗೆ ಇದನ್ನೇ ಬಳಸಿ, ಬೇರೆಯವರ ಟ್ರ್ಯಾಕ್‌ಗಳನ್ನು ಬಿಡಿಸಿ ಮತ್ತೆ ಹೆಣೆದರು. ಡಿಜೆಯ ಕೆಲಸಕ್ಕೂ ಸಂಗೀತ ನಿರ್ಮಾಣಕ್ಕೂ ನಡುವಿನ ಗೋಡೆ ಅಲ್ಲಿಂದ ತೆಳುವಾಯಿತು.

ಆದರೂ ಹೊಸಬರು ಇವೆರಡನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ಟುಡಿಯೊದಲ್ಲಿ ಮಿಕ್ಸಿಂಗ್ ಅಂದರೆ ಒಂದೇ ಹಾಡಿನ ಕಿಕ್, ಬೇಸ್, ದನಿ, ಸಿಂಥ್‌ಗಳ ಮಟ್ಟ ಹೊಂದಿಸುವುದು. ಡಿಜೆಯ ಮಿಕ್ಸಿಂಗ್ ಅಂದರೆ ಪೂರ್ತಿಯಾದ ಹಾಡುಗಳನ್ನು ಒಂದಕ್ಕೊಂದು ಸೇರಿಸುವುದು. ಈ ಲೇಖನದ ಮಾತೆಲ್ಲ ಎರಡನೆಯದರ ಕುರಿತು.

ಆರಂಭಕ್ಕೆ ದೊಡ್ಡ ಖರ್ಚು ಬೇಕಿಲ್ಲ. ತೀರಾ ಹಳೆಯದಲ್ಲದ ಲ್ಯಾಪ್‌ಟಾಪ್ ಸಾಕು. ಕೊನೆಗೆ ಮೂರು ಎಕ್ಸ್ ಬರೆಯುವ ‘ಮಿಕ್ಸ್’ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಅದರ ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ರೆಕಾರ್ಡಿನಂತೆ ಕೈಯಿಂದ ತಿರುಗಿಸುವ ಎರಡು ಜಾಗ್ ಚಕ್ರ, ನಡುವೆ ಮಿಕ್ಸರ್ ಇರುವ ಚಿಕ್ಕ ಕಂಟ್ರೋಲರ್ ಕೊಂಡರೆ ಕೈಗೆ ಅಭ್ಯಾಸವಾಗುತ್ತದೆ. ಅಂಥ ಕಂಟ್ರೋಲರ್‌ಗಳಲ್ಲಿ ಸಾಮಾನ್ಯವಾಗಿ ಸೌಂಡ್‌ಕಾರ್ಡ್ ಒಳಗೇ ಇರುತ್ತದೆ. ಅದು ಬೇಕಾಗುವುದು ಏಕೆಂದರೆ ಹೊರಗೆ ಸ್ಪೀಕರ್‌ನಲ್ಲಿ ಒಂದು ಟ್ರ್ಯಾಕ್ ಓಡುವಾಗ, ಮುಂದಿನದು ಹೆಡ್‌ಫೋನ್‌ನಲ್ಲಿ ಮಾತ್ರ ಕೇಳಿಸಬೇಕು. ಒಂದೇ ದಾರಿಯಲ್ಲಿ ದನಿ ಹೊರಡಿಸುವ ಸಾದಾ ಲ್ಯಾಪ್‌ಟಾಪ್‌ಗೆ ಇದು ಆಗದು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಹೆಡ್‌ಫೋನ್‌ಗೆ ತಂತಿ ಇರಲೇಬೇಕು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡವಾಗಿ ಬರುತ್ತದೆ. 128ರ ವೇಗದಲ್ಲಿ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಇರುವುದೇ ಅರ್ಧ ಸೆಕೆಂಡಿಗಿಂತ ಕಡಿಮೆ. ಅಷ್ಟು ತಡವಾದ ದನಿ ಕೇಳಿ ಬಡಿತ ಕೂಡಿಸಲಾಗದು. ದೊಡ್ಡ ಸಭಾಂಗಣದಲ್ಲಿ ಡಿಜೆಯ ಪಕ್ಕದಲ್ಲೇ ಮಾನಿಟರ್ ಸ್ಪೀಕರ್ ಇಡುವುದೂ ಇದೇ ಕಾರಣಕ್ಕೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತು ಮೀಟರ್ ಆಚೆಯ ಸ್ಪೀಕರನ್ನು ನೆಚ್ಚಿಕೊಂಡರೆ ಸುಮಾರು 30 ಮಿಲಿಸೆಕೆಂಡ್ ಹಿಂದಿನ ಬಡಿತಕ್ಕೆ ತಾಳ ಹಾಕಿದಂತಾಗುತ್ತದೆ.

ಮೊದಲು ಕಲಿಯಬೇಕಾದದ್ದು ಎಣಿಸುವುದು. ಹೌಸ್ ಆಗಲಿ ಟೆಕ್ನೊ ಆಗಲಿ, ಟ್ರ್ಯಾಕ್‌ನಲ್ಲಿ ಬದಲಾವಣೆಗಳು ಬಹುತೇಕ 8, 16 ಅಥವಾ 32 ಬಾರ್‌ಗಳ ಗಡಿಯಲ್ಲೇ ಬರುತ್ತವೆ. ಮೊದಲ 16 ಬಾರ್ ಬರೀ ಕಿಕ್, ಆಮೇಲೆ ಹೈಹ್ಯಾಟ್, ಮುಂದೆ ಬೇಸ್, ನಂತರ ಎಲ್ಲವೂ ನಿಂತು ಸ್ವರಗಳಷ್ಟೇ ಉಳಿಯುವ ಬ್ರೇಕ್‌ಡೌನ್, ಅದು ಮುಗಿಯುತ್ತಲೇ ಕಿಕ್ ಮತ್ತು ಬೇಸ್ ಒಟ್ಟಿಗೆ ಮರಳುವ ಡ್ರಾಪ್. ಸಂಗೀತ ಪಾಠದಲ್ಲಿ ಆದಿತಾಳ ಹಾಕಿ ಗೊತ್ತಿದ್ದವರಿಗೆ ಈ ಎಣಿಕೆ ಬೇಗ ಒಗ್ಗುತ್ತದೆ: ಎಂಟು ಅಕ್ಷರಗಳ ಒಂದು ಆವರ್ತ ಮುಗಿದಾಗ ಎರಡು ಬಾರ್ ಮುಗಿದಿರುತ್ತದೆ, 16 ಆವರ್ತ ಹಾಕಿದರೆ ಆ ಒಂದು ನಿಮಿಷ. ಹೊಸ ಟ್ರ್ಯಾಕ್‌ನ ಮೊದಲ ಬಡಿತವನ್ನು ಹಳೆಯದರ ಇಂಥ ಗಡಿಯಲ್ಲೇ ಶುರುಮಾಡಬೇಕು. ಹಾಗೆ ಮಾಡಿದರೆ ಒಂದರ ಬ್ರೇಕ್‌ಡೌನ್ ಮುಗಿಯುವ ಕ್ಷಣಕ್ಕೇ ಇನ್ನೊಂದರ ಬೇಸ್ ಪ್ರವೇಶಿಸುತ್ತದೆ. ಎರಡು ಬಾರ್ ತಪ್ಪಿ ಶುರುವಾದರೆ, ಬಡಿತಗಳು ಎಷ್ಟೇ ಕರಾರುವಾಕ್ಕಾಗಿ ಕೂಡಿದ್ದರೂ, ಕೇಳುವವರಿಗೆ ಏನೋ ಎಡವಟ್ಟಾಗಿದೆ ಎನ್ನಿಸುತ್ತದೆ. ಏನೆಂದು ಹೇಳಲು ಅವರಿಗೆ ಬರದಿರಬಹುದು, ಕಾಲಿಗೆ ತಿಳಿಯುತ್ತದೆ.

ಆಮೇಲಿನದು ವೇಗ. ಒಂದು ಟ್ರ್ಯಾಕ್ 128, ಇನ್ನೊಂದು 127.9 ಎಂದಿಟ್ಟುಕೊಳ್ಳೋಣ. ವ್ಯತ್ಯಾಸ ಏನೂ ಅಲ್ಲ ಎನ್ನಿಸುತ್ತದೆ. ಆದರೆ ಒಂದು ನಿಮಿಷದಲ್ಲಿ ಅವು ಬಡಿತದ ಹತ್ತನೆಯ ಒಂದು ಭಾಗ, ಅಂದರೆ 47 ಮಿಲಿಸೆಕೆಂಡ್ ದೂರ ಸರಿದಿರುತ್ತವೆ. ಅಷ್ಟರಲ್ಲಿ ಒಂದೇ ಕಿಕ್ ಕೇಳಬೇಕಾದಲ್ಲಿ ‘ದಡ್-ದಡ್’ ಎಂದು ಜೋಡಿ ಏಟು ಕೇಳಿಸತೊಡಗುತ್ತದೆ. ಅದನ್ನು ಮೊದಲ ಕೆಲವು ಬಡಿತಗಳಲ್ಲೇ ಗುರುತಿಸುವ ಕಿವಿ ಬೇಕು. ಹೊಸ ಟ್ರ್ಯಾಕ್ ಮುಂದಿದೆಯೋ ಹಿಂದಿದೆಯೋ ತಿಳಿದು, ಜಾಗ್ ಚಕ್ರವನ್ನು ಒಂದಿಷ್ಟೇ ತಳ್ಳಿ ಅಥವಾ ತಡೆದು, ನಂತರ ಫೇಡರ್‌ನಲ್ಲಿ ವೇಗ ತಿದ್ದಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಪರದೆಯ ಮೇಲೆ ವೇಗದ ಅಂಕಿ ಕಾಣುವ ಜಾಗಕ್ಕೆ ಕಾಗದದ ಚೀಟಿ ಅಂಟಿಸಿ, ಸಿಂಕ್ ಗುಂಡಿ ಮುಟ್ಟದೆ, ಗೊತ್ತಿರುವ ಎರಡೇ ಟ್ರ್ಯಾಕ್‌ಗಳನ್ನು ಮತ್ತೆ ಮತ್ತೆ ಕೂಡಿಸುವುದು ಕಿವಿಗೆ ಒಳ್ಳೆಯ ವ್ಯಾಯಾಮ.

ಹಾಗಾದರೆ ಸಿಂಕ್ ಬಳಸುವುದೇ ತಪ್ಪೇ? ಈ ವಾದ ಡಿಜೆಗಳ ನಡುವೆ ವರ್ಷಗಳಿಂದ ನಡೆದಿದೆ. ಅದರಲ್ಲಿ ಬಹುಪಾಲು ವ್ಯರ್ಥ. ಸಿಂಕ್ ಒಂದು ಅನುಕೂಲ. ನಾಲ್ಕು ಡೆಕ್‌ಗಳನ್ನು ಒಟ್ಟಿಗೆ ಓಡಿಸುವವರಿಗೆ ಅದು ಬೇಕೇ ಬೇಕು. ತೊಂದರೆ ಬೇರೆ ಕಡೆ ಇದೆ. ಸಿಂಕ್ ನಂಬುವುದು ಬೀಟ್‌ಗ್ರಿಡ್ ಅನ್ನು, ಅಂದರೆ ಸಾಫ್ಟ್‌ವೇರ್ ತಾನೇ ಊಹಿಸಿ ಹಾಡಿನ ಮೇಲೆ ಎಳೆದ ಗೆರೆಗಳನ್ನು. ಆ ಊಹೆ ತಪ್ಪಬಹುದು. 174 ಬಡಿತದ ಡ್ರಮ್ ಆ್ಯಂಡ್ ಬೇಸ್ ಟ್ರ್ಯಾಕನ್ನು 87 ಎಂದು ಓದಬಹುದು, ಮೊದಲ ಬಡಿತ ಎಲ್ಲಿದೆ ಎಂಬುದನ್ನೇ ತಪ್ಪಾಗಿ ಗುರುತಿಸಬಹುದು. ಆಗ ಸಿಂಕ್ ತಪ್ಪನ್ನು ಅಳುಕಿಲ್ಲದೆ ಮಾಡುತ್ತದೆ. ಕೇಳಿ ತಿದ್ದುವ ಕಿವಿ ಇರುವವರಿಗೆ ಅದು ಎರಡು ಸೆಕೆಂಡಿನ ತೊಡಕು, ಇಲ್ಲದವರಿಗೆ ಇಡೀ ಸಂಜೆಯ ಅವಮಾನ.

ಇನ್ನು ಬೇಸ್. ಹೊಸಬರ ಮಿಕ್ಸ್‌ಗೂ ನುರಿತವರ ಮಿಕ್ಸ್‌ಗೂ ಇರುವ ಅಂತರ ಅತಿ ಸ್ಪಷ್ಟವಾಗಿ ಕೇಳಿಸುವುದು ಇಲ್ಲಿಯೇ. ಕಿಕ್ ಡ್ರಮ್‌ನ ತೂಕ ಇರುವುದು 50ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ. ಬೇಸ್‌ಲೈನ್ ಕೂಡ ಅದೇ ನೆರೆಯಲ್ಲಿ ವಾಸ. ಎರಡು ಟ್ರ್ಯಾಕ್‌ಗಳನ್ನು ಹಾಗೇ ಒಂದರ ಮೇಲೊಂದು ಬಿಟ್ಟರೆ ಎರಡು ಕಿಕ್, ಎರಡು ಬೇಸ್ ಒಂದೇ ಜಾಗಕ್ಕೆ ನುಗ್ಗುತ್ತವೆ. ಅಲೆಗಳು ಸರಿಯಾಗಿ ಒಂದರ ಮೇಲೊಂದು ಕೂತರೆ ಮಟ್ಟ 6 ಡೆಸಿಬಲ್‌ವರೆಗೆ ಏರಿ ಮಿಕ್ಸರ್‌ನ ಕೆಂಪು ದೀಪ ಹತ್ತುತ್ತದೆ, ದನಿ ಒಡೆಯುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದರೆ ಒಂದನ್ನೊಂದು ಅಳಿಸಿಹಾಕಿ, ಕಿಕ್ ಇದ್ದಕ್ಕಿದ್ದಂತೆ ಸೊರಗುತ್ತದೆ. ಎರಡೂ ಕೆಟ್ಟದ್ದೇ.

ಇದಕ್ಕೆ ಇರುವ ಉಪಾಯ ಸರಳ. ಮಿಕ್ಸರ್‌ನ ಪ್ರತಿ ಚಾನೆಲ್‌ಗೂ ಲೋ, ಮಿಡ್, ಹೈ ಎಂಬ ಮೂರು ತಿರುಪುಗಳಿರುತ್ತವೆ. ಹೊಸ ಟ್ರ್ಯಾಕನ್ನು ಒಳಗೆ ತರುವಾಗ ಅದರ ಲೋ ತಿರುಪನ್ನು ಪೂರ್ತಿ ಇಳಿಸಿರಬೇಕು. ಮೊದಲು ಅದರ ಹೈಹ್ಯಾಟ್, ಚಪ್ಪಾಳೆಗಳಷ್ಟೇ ತೆಳ್ಳಗೆ ಸೇರಿಕೊಳ್ಳುತ್ತವೆ. 16 ಬಾರ್ ಹೀಗೆ ಸಾಗಲಿ. ಗಡಿ ಬಂದ ಕ್ಷಣ ಒಂದು ಕೈ ಹಳೆಯದರ ಲೋ ಇಳಿಸುತ್ತದೆ, ಇನ್ನೊಂದು ಕೈ ಹೊಸದರ ಲೋ ಏರಿಸುತ್ತದೆ. ಬೇಸ್ ಕೈಬದಲಾಗುವ ಈ ಕ್ಷಣವೇ ನಿಜವಾದ ದಾಟುವಿಕೆ. ಕುಣಿಯುವವರ ಮೈ ಹಿಂಬಾಲಿಸುವುದು ಬೇಸ್ ಅನ್ನು. ಬೇಸ್ ಬದಲಾದ ಮೇಲೆ ಹಳೆಯ ಟ್ರ್ಯಾಕ್ ಇನ್ನೂ ಅರ್ಧ ನಿಮಿಷ ಹಿನ್ನೆಲೆಯಲ್ಲಿ ಉಳಿದರೂ ಕೇಳುಗರ ಪಾಲಿಗೆ ಹಾಡು ಬದಲಾಗಿರುತ್ತದೆ. ಮಿಡ್ ತಿರುಪಿನ ಕೆಲಸ ಗಾಯಕರ ದನಿ ಕಾಯುವುದು: ಎರಡು ಹಾಡುಗಳ ಮಾತು ಎಂದೂ ಒಟ್ಟಿಗೆ ಬರಬಾರದು. ಇಷ್ಟನ್ನು ಮನಸ್ಸಿಟ್ಟು ಕಲಿತವರು ಎಕೋ, ಫಿಲ್ಟರ್, ಫ್ಲ್ಯಾಂಜರ್‌ಗಳ ಮೋಹಕ್ಕೆ ಬೀಳುವುದು ಕಡಿಮೆ. ಕಂಟ್ರೋಲರ್ ತುಂಬ ಹೊಳೆಯುವ ಎಫೆಕ್ಟ್ ಗುಂಡಿಗಳಲ್ಲಿ ಬಹಳಷ್ಟನ್ನು ಮೊದಲ ದಿನಗಳಲ್ಲಿ ಮುಟ್ಟದಿರುವುದೇ ಲೇಸು.

ಶ್ರುತಿಯ ವಿಷಯ ಭಾರತೀಯ ಕಿವಿಗೆ ವಿವರಿಸಬೇಕಾಗಿಲ್ಲ. ಎರಡು ಶ್ರುತಿಗಳು ಒಟ್ಟಿಗೆ ಕೇಳಿದರೆ ಮೈ ಹಿಂಡುತ್ತದೆ. ವಿನೈಲ್ ಕಾಲದಲ್ಲಿ ಇದು ಇನ್ನೂ ಜಟಿಲವಾಗಿತ್ತು. ರೆಕಾರ್ಡಿನ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ. ಶೇ 6ರಷ್ಟು ವೇಗ ಹೆಚ್ಚಾದರೆ ಸುಮಾರು ಅರ್ಧ ಸ್ವರ ಮೇಲೆ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ‘ಕೀ ಲಾಕ್’ ಒತ್ತಿದರೆ ವೇಗ ಮಾತ್ರ ಬದಲಾಗುತ್ತದೆ, ಶ್ರುತಿ ನಿಂತಲ್ಲೇ ನಿಲ್ಲುತ್ತದೆ. ಯಾವ ಹಾಡು ಯಾವ ಸ್ಕೇಲ್‌ನಲ್ಲಿದೆ ಎಂದು ಯಂತ್ರವೇ ಗುರುತಿಸಿ, ಕ್ಯಾಮೆಲಾಟ್ ಚಕ್ರದ ಸಂಕೇತದಲ್ಲಿ ತೋರಿಸುತ್ತದೆ. 1ರಿಂದ 12ರವರೆಗೆ ಸಂಖ್ಯೆ, ಮೈನರ್‌ಗೆ ಎ, ಮೇಜರ್‌ಗೆ ಬಿ. ಎ ಮೈನರ್ ಅಂದರೆ 8ಎ, ಸಿ ಮೇಜರ್ ಅಂದರೆ 8ಬಿ. ಒಂದೇ ಸಂಖ್ಯೆಯ ಎರಡು ಹಾಡುಗಳು ಒಂದೇ ಸ್ವರಗಳನ್ನು ಹಂಚಿಕೊಂಡಿರುತ್ತವೆ. ಪಕ್ಕದ ಸಂಖ್ಯೆಗೆ ಹೋದರೆ ಷಡ್ಜ ಪಂಚಮದಷ್ಟು ಸರಿದಿರುತ್ತದೆ, ಬದಲಾಗುವುದು ಒಂದೇ ಸ್ವರ. ಹಾಗಾಗಿ 8ಎಯಿಂದ 7ಎ, 9ಎ ಅಥವಾ 8ಬಿಗೆ ಹೋಗುವುದು ಸುರಕ್ಷಿತ. ಈ ಸಂಖ್ಯೆಗಳು ದಾರಿ ತೋರಿಸುತ್ತವೆ ಅಷ್ಟೇ. ಬರೀ ಅಂಕಿ ನೋಡಿ ಹಾಡು ಆರಿಸಿದ ಮಿಕ್ಸ್ ಎಲ್ಲೂ ಅಪಸ್ವರವಿಲ್ಲದೆಯೂ ನೀರಸವಾಗಬಹುದು. ನಡುವೆ ಒಮ್ಮೆ ಶ್ರುತಿ ಮುರಿದು, ಬರೀ ತಾಳದ ಮೇಲೆ ದಾಟಿ, ಇಡೀ ಕೋಣೆಯ ಬಣ್ಣ ಬದಲಿಸುವ ಧೈರ್ಯವೂ ಬೇಕು.

ಹಾಡುಗಳನ್ನು ಎಲ್ಲಿಂದ ತರುತ್ತೀರಿ ಎಂಬುದೂ ಕಲಿಕೆಯ ಭಾಗವೇ. ವಿಡಿಯೊ ತಾಣಗಳಿಂದ ಇಳಿಸಿಕೊಂಡ ಹಾಡು ಮನೆಯ ಚಿಕ್ಕ ಸ್ಪೀಕರ್‌ನಲ್ಲಿ ಚೆನ್ನಾಗೇ ಕೇಳಬಹುದು. ದೊಡ್ಡ ಸ್ಪೀಕರ್‌ಗೆ ಹಾಕಿದಾಗ ಅದರ ಮೇಲಿನ ಕಂಪನಗಳು ಕತ್ತರಿಸಿಹೋಗಿರುವುದು ಬಯಲಾಗುತ್ತದೆ, ಹೈಹ್ಯಾಟ್ ಮಂಕಾಗಿ ಕೇಳುತ್ತದೆ. 320 ಕೆಬಿಪಿಎಸ್ ಎಂಪಿ3 ಅಥವಾ ವೇವ್ ಕಡತ ಬೇಕು. ಬೀಟ್‌ಪೋರ್ಟ್, ಬ್ಯಾಂಡ್‌ಕ್ಯಾಂಪ್‌ನಂಥ ಮಳಿಗೆಗಳಲ್ಲಿ ಒಂದೊಂದೇ ಟ್ರ್ಯಾಕ್ ಕೊಳ್ಳಬಹುದು. ದುಡ್ಡು ಕೊಟ್ಟು ಕೊಂಡ ಇಪ್ಪತ್ತು ಟ್ರ್ಯಾಕ್‌ಗಳನ್ನು ಕಲಿಯುವವರು ಕಂಠಪಾಠವಾಗುವಷ್ಟು ಕೇಳುತ್ತಾರೆ. ಪುಕ್ಕಟೆ ಸಿಕ್ಕ ಎರಡು ಸಾವಿರದಲ್ಲಿ ಯಾವುದರ ಬ್ರೇಕ್‌ಡೌನ್ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

ಕರ್ನಾಟಕದಲ್ಲಿ ಕಲಿಯುವವರಿಗೆ ಮೊದಲ ವೇದಿಕೆ ಸಿಗುವುದು ಬಹುತೇಕ ಮದುವೆ ಆರತಕ್ಷತೆಯಲ್ಲಿ, ಕಾಲೇಜು ಹಬ್ಬದಲ್ಲಿ, ಇಲ್ಲವೇ ಗಣೇಶನ ಮೆರವಣಿಗೆಯಲ್ಲಿ. ಮೆರವಣಿಗೆಯ ಡಿಜೆ ಅಂದರೆ ಎದೆ ನಡುಗಿಸುವ ಸ್ಪೀಕರ್‌ಗಳ ಗೋಪುರ ಎಂದೇ ಊರವರ ಲೆಕ್ಕ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಸಾಮಾನ್ಯವಾಗಿ ನಿಷಿದ್ಧ. ಡಿಜೆಯ ಸ್ವಂತ ಕಿವಿಯ ಲೆಕ್ಕ ಇನ್ನೂ ಕಟುವಾದದ್ದು. ಕೆಲಸದ ಸ್ಥಳದ ಸುರಕ್ಷತೆಗಾಗಿ ಅಮೆರಿಕದ ಆರೋಗ್ಯ ಸಂಸ್ಥೆ ನಿಯೋಷ್ ಶಿಫಾರಸು ಮಾಡುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿಕೆಗೂ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಇಷ್ಟೆಲ್ಲ ಕಷ್ಟಪಟ್ಟು ಪಳಗಿಸಿದ ಕಿವಿಯನ್ನು ಎರಡು ಹಬ್ಬಗಳ ಸೀಸನ್ನಿಗೆ ಸುಟ್ಟುಕೊಳ್ಳುವುದು ದುಃಖದ ಸಂಗತಿ. ಕಿವಿಗೆ ಪ್ಲಗ್ ಹಾಕಿಕೊಳ್ಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಬೇಕು.

ಆರತಕ್ಷತೆಯಲ್ಲಿ ಜನ ಕೇಳುವುದು ಕನ್ನಡ ಚಿತ್ರಗೀತೆ. ಅಲ್ಲಿ ಹೌಸ್ ಟ್ರ್ಯಾಕ್‌ಗಳ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಚಿತ್ರಗೀತೆಗೆ 32 ಬಾರ್‌ಗಳ ಖಾಲಿ ತಾಳದ ಮುನ್ನುಡಿ ಇರುವುದು ಅಪರೂಪ, ಕೊಳಲೋ ವಯಲಿನ್ನೋ ನುಡಿದು ನೇರ ಪಲ್ಲವಿಗೆ ಬರುತ್ತದೆ. ನುರಿತವರು ಹಾಡಿನ ಒಂದು ಬಿಜಿಎಂ ತುಣುಕನ್ನು ಲೂಪ್ ಮಾಡಿ, ತಾವೇ ಮುನ್ನುಡಿ ಕಟ್ಟಿಕೊಂಡು ಬೇರೆ ಕಡತವಾಗಿ ಇಟ್ಟುಕೊಂಡಿರುತ್ತಾರೆ.

ಈಚೆಗೆ ಇನ್ನೊಂದು ಬಾಗಿಲು ತೆರೆದಿದೆ. ಫ್ರಾನ್ಸಿನ ಡೀಜರ್ ಕಂಪನಿ 2019ರಲ್ಲಿ ಸ್ಪ್ಲೀಟರ್ ಎಂಬ ಸಾಫ್ಟ್‌ವೇರನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಮುಗಿದ ಹಾಡೊಂದರಿಂದ ದನಿ, ಡ್ರಮ್, ಬೇಸ್, ಉಳಿದ ವಾದ್ಯಗಳನ್ನು ಅದು ಬೇರೆ ಬೇರೆಯಾಗಿ ಬಿಡಿಸುತ್ತದೆ. ಕೆಲವೇ ವರ್ಷಗಳಲ್ಲಿ ವರ್ಚುವಲ್ ಡಿಜೆ, ಸೆರಾಟೊ ಮುಂತಾದವು ಇದೇ ಕೆಲಸವನ್ನು ಹಾಡು ಓಡುತ್ತಿರುವಾಗಲೇ ಮಾಡತೊಡಗಿದವು. ಎಪ್ಪತ್ತರ ದಶಕದ ರಾಜನ್-ನಾಗೇಂದ್ರ ಹಾಡಿನಿಂದ ಗಾಯನವನ್ನಷ್ಟೇ ಬಿಡಿಸಿ, ಅದರ ಕೆಳಗೆ ಹೊಸ ಕಿಕ್ ಕೂರಿಸುವ ಆಸೆ ಕನ್ನಡದ ಯಾವ ಯುವ ಡಿಜೆಗೂ ಸಹಜ. ಮನೆಯಲ್ಲಿ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠವೂ ಸಿಗದು. ಹೊರಗೆ ಪ್ರಕಟಿಸುವುದಾದರೆ ಹಕ್ಕುದಾರರ ಅನುಮತಿ ಬೇಕು, ಏಕೆಂದರೆ ಭಾರತದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಉಳಿಯುತ್ತದೆ. ಆ ದಶಕದ ಯಾವ ಹಾಡೂ ಅದರಿಂದ ಇನ್ನೂ ಹೊರಬಂದಿಲ್ಲ.

ಅಭ್ಯಾಸಕ್ಕೆ ಕೂತಾಗ ಎದುರಾಗುವ ತೊಡಕು ಗ್ರಾಸೊ ಎದುರಿಸಿದ್ದೇ. ಆ ಹಾಡುಗಳಲ್ಲಿ ತಬಲಾ, ಢೋಲಕ್, ಬಾಂಗೊ ನುಡಿಸಿದವರು ಮನುಷ್ಯರು, ಇಡೀ ವಾದ್ಯಮೇಳ ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದು. ಚರಣದ ಹೊತ್ತಿಗೆ ವೇಗ ಕೊಂಚ ಬದಲಾಗಿರುತ್ತದೆ, ಟೇಪಿನ ವೇಗದ ಏರುಪೇರಿನಿಂದ ಶ್ರುತಿ ಎರಡು ಸ್ವರಗಳ ನಡುವೆ ಎಲ್ಲೋ ಕೂತಿರುವುದೂ ಉಂಟು. ಸಾಫ್ಟ್‌ವೇರ್ ಮೊದಲ ಸಾಲು ನೋಡಿ ಎಳೆದ ಬೀಟ್‌ಗ್ರಿಡ್ ಎರಡನೇ ಚರಣದ ಹೊತ್ತಿಗೆ ಹಾಡಿನಿಂದ ದೂರ ಸರಿದಿರುತ್ತದೆ. ಏಬಲ್‌ಟನ್‌ನಂಥ ಸಾಫ್ಟ್‌ವೇರ್‌ನಲ್ಲಿ ಹಾಡು ತೆರೆದು, ನಾಲ್ಕು ಬಾರ್‌ಗಳಿಗೊಮ್ಮೆ ತಬಲಾದ ಮೊದಲ ಏಟನ್ನು ಕಿವಿಯಿಂದಲೇ ಹುಡುಕಿ, ಆ ಏಟನ್ನು ಬಾರ್‌ನ ಗೆರೆಗೆ ಕಟ್ಟುವ ವಾರ್ಪ್ ಗುರುತೊಂದನ್ನು ಅಲ್ಲಿ ಹಾಕುತ್ತ ಹೋಗಬೇಕು. ಗುರುತು ತೀರಾ ಹತ್ತಿರ ಹತ್ತಿರ ಹಾಕಿದರೆ ತಬಲಾದವರ ನಡೆಯ ಜೀವವೇ ಹೋಗಿ ಯಂತ್ರದಂತೆ ಕೇಳುತ್ತದೆ, ತೀರಾ ದೂರ ಹಾಕಿದರೆ ಕಿಕ್ ಜೊತೆ ಕೂಡುವುದಿಲ್ಲ. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಹಾಡಿಂದ ಹಾಡಿಗೆ ಬೇರೆ. ನಾಲ್ಕು ನಿಮಿಷದ ಒಂದು ಹಾಡಿಗೆ ಒಂದಿಡೀ ಸಂಜೆ ಹಿಡಿಯುತ್ತದೆ.